ಕಾಣದ ವಸ್ತುವಿಗೆ ಸಾಕ್ಷಿ

(ನಮ್ಮ ಶಾಲೆಯ ವಿಜ್ಞಾನ ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಿಜ್ಞಾನದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡಾಗ, ಗ್ರಹನಕ್ಷತ್ರಗಳನ್ನು ಕುರಿತೋ ಚಂದ್ರಯಾನವನ್ನು ಕುರಿತೋ ಮಾತನಾಡುವೆನೆಂದು ಅವರು ಎಣಿಸಿದ್ದಿರಬಹುದು. ನಾನು ಆರಿಸಿಕೊಂಡಿರುವ ವಸ್ತು ಅಷ್ಟು ದೊಡ್ಡದಲ್ಲ. ಕಿರುಬೆರಳಿನ ತುದಿಯಷ್ಟಿರುವ ಒಂದು ಪುಟ್ಟ ನಳಿಕೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಅದರ ತಳದಲ್ಲಿ ಎರಡು ಮೂರು ತೊಟ್ಟು ದ್ರವ; ನೋಡಲು ಅದು ನೀರಿನಂತೆಯೇ ಇದೆ. ನಳಿಕೆಗೆ ಅಂಟಿಸಿದ ಚೀಟಿಯಲ್ಲಿ ಹೀಗೆ ಬರೆದಿದೆ: ಪ್ರೋಟಿಯಸೋಮಿನ ಪ್ರಚೋದಕ ಪ್ರೋಟೀನನ್ನು ಗುರುತಿಸುವ ಪ್ರತಿಕಾಯ, ಸಂಶೋಧನೆಗೆ ಮಾತ್ರ. ಇದು ಔಷಧವಲ್ಲ. ಇದನ್ನು ಕುಡಿಯುವವರಿಲ್ಲ, ಚುಚ್ಚಿಸಿಕೊಳ್ಳುವವರಿಲ್ಲ. ಆದರೂ ಜಗತ್ತಿನ ಅನೇಕ ಪ್ರಯೋಗಶಾಲೆಗಳಲ್ಲಿ ಇಂತಹ ತೊಟ್ಟುಗಳ ಮಾತನ್ನು ನಂಬಿಕೊಂಡು ಜೀವಶಾಸ್ತ್ರದ ದೊಡ್ಡ ದೊಡ್ಡ ತೀರ್ಮಾನಗಳು ನಡೆಯುತ್ತವೆ. ಈ ತೊಟ್ಟು ಏನು ಹೇಳುತ್ತದೆ, ಅದರ ಮಾತನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದೇ ನನ್ನ ಇಂದಿನ ವಿಷಯ.

ಮೊದಲು ಒಂದು ಹಳೆಯ ಮಾತು. ಕಣ್ಣಿಗೆ ಕಾಣದುದನ್ನು ತಿಳಿಯುವುದು ಹೇಗೆಂಬ ಪ್ರಶ್ನೆಯನ್ನು ನಮ್ಮ ನ್ಯಾಯಶಾಸ್ತ್ರದ ಪಂಡಿತರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಅವರು ಪದೇ ಪದೇ ಕೊಡುವ ಉದಾಹರಣೆ ಬೆಟ್ಟದ ಮೇಲಿನ ಹೊಗೆಯದು. ಬೆಂಕಿ ನಮಗೆ ಕಾಣುವುದಿಲ್ಲ, ಹೊಗೆ ಕಾಣುತ್ತದೆ, ಆದುದರಿಂದ ಅಲ್ಲಿ ಬೆಂಕಿಯಿದೆಯೆಂದು ಊಹಿಸುತ್ತೇವೆ. ಆದರೆ ಈ ಊಹೆಗೆ ಎರಡು ಕಡೆಯ ಆಧಾರ ಬೇಕೆಂದು ಅವರು ಹೇಳಿದರು. ಬೆಂಕಿಯಿರುವ ಅಡುಗೆಮನೆಯಲ್ಲಿ ಹೊಗೆಯನ್ನು ಕಂಡಿರಬೇಕು, ಇದು ಅನ್ವಯ. ಬೆಂಕಿಯಿಲ್ಲದ ಮಡುವಿನಲ್ಲಿ ಹೊಗೆಯಿಲ್ಲವೆಂಬುದನ್ನೂ ಕಂಡಿರಬೇಕು, ಇದು ವ್ಯತಿರೇಕ. ಈ ಎರಡನೆಯ ಆಧಾರವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಚಳಿಗಾಲದ ಮುಂಜಾನೆ ಕೆರೆಯ ಮೇಲೆ ಏಳುವ ಮಂಜನ್ನು ದೂರದಿಂದ ಕಂಡವನು ಹೊಗೆಯೆಂದು ಭ್ರಮಿಸಿದರೆ, ಅವನು ನೀರಿನ ನಡುವೆ ಬೆಂಕಿಯನ್ನು ಹುಡುಕುತ್ತ ಹೋಗಬೇಕಾಗುತ್ತದೆ. ಈ ಅಡುಗೆಮನೆಯನ್ನೂ ಈ ಮಡುವನ್ನೂ ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿರಿ. ಮುಂದೆ ಪ್ರಯೋಗಶಾಲೆಯಲ್ಲಿ ಇವು ನಮಗೆ ಬೇಕಾಗುತ್ತವೆ.

ಇನ್ನು, ಆ ಚೀಟಿಯ ಮೇಲಿರುವ ದೀರ್ಘವಾದ ಹೆಸರಿನ ಅರ್ಥವನ್ನು ನೋಡೋಣ. ನಮ್ಮ ದೇಹವು ಜೀವಕೋಶಗಳಿಂದ ಕೂಡಿದುದೆಂಬುದನ್ನು ಪ್ರೌಢಶಾಲೆಯ ಮಕ್ಕಳೆಲ್ಲರೂ ಬಲ್ಲರು. ಜೀವಕೋಶದೊಳಗಿನ ಕೆಲಸಗಳಲ್ಲಿ ಬಹುಪಾಲನ್ನು ಮಾಡತಕ್ಕವು ಪ್ರೋಟೀನುಗಳು. ಕೋಶವು ಅವುಗಳನ್ನು ಕಟ್ಟುತ್ತಲೇ ಇರುತ್ತದೆ. ಹಾಗೆಯೇ ಕೆಡವುತ್ತಲೂ ಇರುತ್ತದೆ. ಕೆಲಸ ಮುಗಿದವು, ಕೆಟ್ಟುಹೋದವು, ತಪ್ಪಾಗಿ ಮಡಿಸಿಕೊಂಡವು ಒಳಗೇ ಉಳಿದರೆ ಕೋಶಕ್ಕೆ ಹಾನಿ. ಗುಡಿಸದ ಮನೆಯಲ್ಲಿ ಬಾಳುವುದು ಹೇಗೆ ಕಷ್ಟವೋ ಹಾಗೆ. ಈ ಕೆಡವುವ ಕೆಲಸವನ್ನು ಮಾಡುವ ಯಂತ್ರಗಳಲ್ಲಿ ಪ್ರಧಾನವಾದುದು ಪ್ರೋಟಿಯಸೋಮ್. ಅದು ಪೀಪಾಯಿಯ ಆಕಾರದ್ದು. ಏಳೇಳು ಅಂಗಗಳ ನಾಲ್ಕು ಉಂಗುರಗಳು ಒಂದರ ಮೇಲೊಂದು ಕುಳಿತು, ಒಟ್ಟು ೨೮ ಅಂಗಗಳಿಂದ ಈ ಪೀಪಾಯಿ ಆಗಿದೆ. ಅದರ ಉದ್ದ ಸುಮಾರು ೧೫ ನ್ಯಾನೋಮೀಟರು. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರುಗಳಿರುವುದನ್ನು ನೆನೆದರೆ ಇದು ಎಷ್ಟು ಸೂಕ್ಷ್ಮವೆಂಬುದು ನಿಮಗೆ ಹೊಳೆದೀತು.

ಪ್ರೋಟೀನನ್ನು ಕತ್ತರಿಸುವ ಅಲಗುಗಳು ಈ ಪೀಪಾಯಿಯ ಒಳಗಡೆ ಅಡಗಿವೆ. ಹೊರಗಿದ್ದಿದ್ದರೆ ಕಂಡದ್ದನ್ನೆಲ್ಲ ಕತ್ತರಿಸಿ ಕೋಶವನ್ನೇ ಹಾಳುಮಾಡುತ್ತಿದ್ದುವು. ಆದುದರಿಂದ ಪೀಪಾಯಿಯ ಎರಡು ತುದಿಗಳ ಬಾಗಿಲುಗಳೂ ಸಾಮಾನ್ಯವಾಗಿ ಮುಚ್ಚಿರುತ್ತವೆ. ಬಾಗಿಲನ್ನು ತೆರೆಯಲು ಬೇರೆ ಪ್ರೋಟೀನುಗಳು ಬಂದು ತುದಿಗೆ ಕೂಡಿಕೊಳ್ಳಬೇಕು. ಇವೇ ಪ್ರಚೋದಕಗಳು. ಯುಬಿಕ್ವಿಟಿನ್ ಎಂಬ ಗುರುತನ್ನು ಹಚ್ಚಿಸಿಕೊಂಡ ಪ್ರೋಟೀನುಗಳನ್ನು ಒಳಕ್ಕೆ ಎಳೆದುಕೊಳ್ಳುವ ದೊಡ್ಡ ಪ್ರಚೋದಕ ಒಂದುಂಟು. ಆ ಗುರುತಿನ ರಹಸ್ಯವನ್ನು ಬಿಡಿಸಿದ ಸೀಕನೋವರ್, ಹರ್ಷ್‌ಕೊ ಮತ್ತು ರೋಸ್ ಎಂಬ ಮೂವರಿಗೆ ೨೦೦೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ನಮ್ಮ ಕಥೆಗೆ ಸೇರಿದುದು ಅದಲ್ಲ, ಅದಕ್ಕಿಂತ ಚಿಕ್ಕದಾದ ಇನ್ನೊಂದು ಪ್ರಚೋದಕ. ೧೯೯೨ರಲ್ಲಿ ಅಮೆರಿಕದ ಎರಡು ಸಂಶೋಧಕ ತಂಡಗಳು, ಡಿಮಾರ್ಟಿನೊ ಅವರದೊಂದು, ರೆಕ್‌ಸ್ಟೈನರ್ ಅವರದೊಂದು, ಕೆಂಪು ರಕ್ತಕಣಗಳಿಂದ ಅದನ್ನು ಬೇರ್ಪಡಿಸಿ ತೋರಿಸಿದುವು. ಅದರ ಅಂಗವೊಂದರ ತೂಕ ಅಣುಮಾನದಲ್ಲಿ ಸುಮಾರು ೨೮,೦೦೦ ಆದುದರಿಂದ ಅದಕ್ಕೆ ಪಿ.ಎ. ೨೮ ಎಂಬ ಹೆಸರಾಯಿತು.

ಈ ಪಿ.ಎ. ೨೮ ಒಂದೇ ಪ್ರೋಟೀನಲ್ಲ. ಮೂವರು ಒಡಹುಟ್ಟಿದವರ ಕುಟುಂಬ. ಆಲ್ಫಾ, ಬೀಟಾ ಮತ್ತು ಗ್ಯಾಮಾ ಎಂದು ಅವರ ಹೆಸರು. ಆಲ್ಫಾ ಮತ್ತು ಬೀಟಾ ಜೊತೆಗೂಡಿ ಏಳು ಅಂಗಗಳ ಒಂದು ಉಂಗುರವನ್ನು ರಚಿಸುತ್ತವೆ. ಇಂಟರ್‌ಫೆರಾನ್ ಗ್ಯಾಮಾ ಎಂಬ ಎಚ್ಚರಿಕೆಯ ಸಂದೇಶ ಬಂದಾಗ ಕೋಶದಲ್ಲಿ ಇವುಗಳ ಪ್ರಮಾಣ ಹೆಚ್ಚುತ್ತದೆ. ರೋಗಾಣುಗಳ ತುಣುಕುಗಳನ್ನು ದೇಹದ ರಕ್ಷಕ ಕೋಶಗಳಿಗೆ ತೋರಿಸುವ ಕೆಲಸದಲ್ಲಿ ಇವು ನೆರವಾಗುತ್ತವೆ. ಗ್ಯಾಮಾ ಮಾತ್ರ ತನ್ನಂತಹ ಏಳನ್ನೇ ಸೇರಿಸಿಕೊಂಡು ಉಂಗುರವಾಗುತ್ತದೆ. ಅದರ ವಾಸ ಮುಖ್ಯವಾಗಿ ಕೋಶಕೇಂದ್ರದಲ್ಲಿ. ಕೋಶವು ಬೆಳೆಯುವುದು, ವಿಭಜಿಸುವುದು ಮೊದಲಾದುವನ್ನು ಹತೋಟಿಯಲ್ಲಿಡುವ ಕೆಲವು ಪ್ರೋಟೀನುಗಳನ್ನು ಕೆಡವಲು ಅದು ಸಹಾಯಮಾಡುತ್ತದೆ. ಈ ಗ್ಯಾಮಾ ಇಲ್ಲದಂತೆ ಹುಟ್ಟಿಸಿದ ಇಲಿಗಳು ಬದುಕುತ್ತವೆ, ಆದರೆ ಅವುಗಳ ಬೆಳವಣಿಗೆ ಕುಂಠಿತವಾಗಿರುತ್ತದೆಯೆಂದು ಜಪಾನಿನ ವಿಜ್ಞಾನಿಗಳು ೧೯೯೯ರಲ್ಲಿ ವರದಿ ಮಾಡಿದರು. ಕೆಲವು ಬಗೆಯ ಕ್ಯಾನ್ಸರುಗಳಲ್ಲಿ ಇದರ ಪ್ರಮಾಣ ಹೆಚ್ಚಾಗಿರುವುದಾಗಿಯೂ ವರದಿಗಳಿವೆ. ಆದುದರಿಂದ ಒಂದು ಕೋಶದಲ್ಲಿ ಇದು ಎಷ್ಟಿದೆ, ಎಲ್ಲಿದೆ ಎಂದು ಅಳೆಯುವುದು ಬರಿಯ ಕುತೂಹಲದ ಮಾತಲ್ಲ.

ಅಳೆಯುವುದಾದರೂ ಹೇಗೆ? ಕಣ್ಣಿಗೂ ಶಾಲೆಯ ಸೂಕ್ಷ್ಮದರ್ಶಕಕ್ಕೂ ಕಾಣದ, ಸಾವಿರಾರು ಬಗೆಯ ಪ್ರೋಟೀನುಗಳ ಜಾತ್ರೆಯಲ್ಲಿ ಬೆರೆತುಹೋಗಿರುವ ಈ ಒಂದನ್ನು ಹುಡುಕಿಕೊಡುವವರು ಯಾರು? ಇಲ್ಲಿ ಪ್ರತಿಕಾಯವು ರಂಗಕ್ಕೆ ಬರುತ್ತದೆ. ದೇಹದೊಳಕ್ಕೆ ಅಪರಿಚಿತ ವಸ್ತುವೊಂದು ಹೊಕ್ಕರೆ, ಅದನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ದೇಹವು ಸೃಷ್ಟಿಸುತ್ತದೆ. ಅವು ಕನ್ನಡದ 'ವೈ' ಅಕ್ಷರದ ಹಾಗಲ್ಲ, ಇಂಗ್ಲಿಷಿನ ಆ ಹೆಸರಿನ ಅಕ್ಷರದ ಹಾಗಿರುತ್ತವೆ. ಮರದ ಕವೆಗೋಲನ್ನು ನೆನೆಸಿಕೊಂಡರೆ ಸಾಕು. ಕವೆಯ ಎರಡು ತುದಿಗಳು ತನ್ನ ಗುರಿಯನ್ನು ಹಿಡಿಯುವ ಕೈಗಳು. ೧೮೯೦ರಲ್ಲಿ ಬರ್ಲಿನ್ ನಗರದಲ್ಲಿ ಬೆರಿಂಗ್ ಮತ್ತು ಕಿತಸಾತೊ ಎಂಬವರು, ಧನುರ್ವಾಯು ಮತ್ತು ಗಂಟಲಮಾರಿ ರೋಗಗಳ ವಿಷಕ್ಕೆ ಒಗ್ಗಿಸಿದ ಪ್ರಾಣಿಯ ರಕ್ತದ್ರವವು ಬೇರೆ ಪ್ರಾಣಿಗೂ ರಕ್ಷಣೆ ಕೊಡುವುದೆಂದು ತೋರಿಸಿದರು. ಹಾವು ಕಚ್ಚಿದವರಿಗೆ ಇಂದೂ ಆಸ್ಪತ್ರೆಯಲ್ಲಿ ಕೊಡುವ ವಿಷಪರಿಹಾರಕ ಮದ್ದು ಇದೇ ತತ್ತ್ವದ್ದು. ಕುದುರೆಗಳಿಗೆ ಅಲ್ಪಾಲ್ಪ ವಿಷವನ್ನು ಕೊಟ್ಟು, ಅವುಗಳ ರಕ್ತದಲ್ಲಿ ಮೂಡಿದ ಪ್ರತಿಕಾಯಗಳನ್ನು ಶುದ್ಧಿಮಾಡಿ ಸೀಸೆಗೆ ತುಂಬುತ್ತಾರೆ.

ಚಿಕಿತ್ಸೆಗೆ ಬಂದ ಈ ವಸ್ತುವನ್ನು ಹುಡುಕಾಟಕ್ಕೂ ಬಳಸಬಹುದೆಂದು ಆಮೇಲೆ ಹೊಳೆಯಿತು. ಪಿ.ಎ. ೨೮ ಗ್ಯಾಮಾದ ಒಂದು ತುಣುಕನ್ನು ಮೊಲಕ್ಕೆ ಚುಚ್ಚಿದರೆ, ಕೆಲವು ವಾರಗಳಲ್ಲಿ ಅದರ ರಕ್ತದಲ್ಲಿ ಆ ತುಣುಕನ್ನು ಹಿಡಿಯುವ ಪ್ರತಿಕಾಯಗಳು ತಯಾರಾಗುತ್ತವೆ. ಆದರೆ ಒಂದು ಮೊಲದ ರಕ್ತದಲ್ಲಿರುವುದು ಬಗೆಬಗೆಯ ಪ್ರತಿಕಾಯಗಳ ಮಿಶ್ರಣ. ಆ ಮೊಲ ಸತ್ತರೆ ಅದೇ ಮಿಶ್ರಣ ಮತ್ತೆ ದೊರೆಯದು. ೧೯೭೫ರಲ್ಲಿ ಕೇಂಬ್ರಿಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬವರು ಇದಕ್ಕೆ ಪರಿಹಾರವನ್ನು ಕಂಡುಹಿಡಿದರು. ಪ್ರತಿಕಾಯವನ್ನು ತಯಾರಿಸುವ ಇಲಿಯ ಕೋಶವೊಂದನ್ನು, ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಕಾಲ ಕೊಡುವ ಕೋಶಸಂತಾನವನ್ನು ಅವರು ಪಡೆದರು. ಇವರಿಬ್ಬರಿಗೂ ಯೆರ್ನೆ ಎಂಬ ಇನ್ನೊಬ್ಬ ವಿಜ್ಞಾನಿಗೂ ೧೯೮೪ರಲ್ಲಿ ನೊಬೆಲ್ ಬಹುಮಾನ ಬಂದಿತು.

ಈಗ ಒಂದು ವಿಚಿತ್ರವಾದ ಸಂಗತಿಯನ್ನು ಹೇಳುತ್ತೇನೆ. ಪಿ.ಎ. ೨೮ ಗ್ಯಾಮಾವನ್ನು ಮೊತ್ತಮೊದಲು ತೋರಿಸಿಕೊಟ್ಟದ್ದು ಮೊಲದ ಪ್ರತಿಕಾಯವೂ ಅಲ್ಲ, ಇಲಿಯದೂ ಅಲ್ಲ. ಕಾಯಿಲೆ ಬಿದ್ದ ಮನುಷ್ಯರದು. ಲೂಪಸ್ ಎಂಬ ಒಂದು ರೋಗವುಂಟು. ಅದರಲ್ಲಿ ದೇಹದ ರಕ್ಷಣಾವ್ಯವಸ್ಥೆ ದಾರಿ ತಪ್ಪಿ, ತನ್ನದೇ ವಸ್ತುಗಳನ್ನು ಪರಕೀಯವೆಂದು ತಿಳಿದು, ಅವುಗಳ ಮೇಲೆ ಪ್ರತಿಕಾಯಗಳನ್ನು ಬಿಡುತ್ತದೆ. ೧೯೮೧ರಲ್ಲಿ ಜಪಾನಿನ ವೈದ್ಯರು ಇಂತಹ ಕೆಲವು ರೋಗಿಗಳ ರಕ್ತದ್ರವದಲ್ಲಿ, ಕೋಶಕೇಂದ್ರದ ಒಂದು ಪ್ರೋಟೀನನ್ನು ಹಿಡಿಯುವ ಪ್ರತಿಕಾಯವನ್ನು ಕಂಡರು. ಆ ಪ್ರೋಟೀನಿಗೆ 'ಕಿ' ಎಂಬ ಚಿಕ್ಕ ಹೆಸರಿಟ್ಟರು. ಅದರ ಕೆಲಸವೇನೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ೧೯೯೦ರಲ್ಲಿ ಅದರ ರಚನೆಯ ಕ್ರಮವನ್ನು ಓದಿದರು. ಆಗಲೂ ಕೆಲಸ ಗೊತ್ತಾಗಲಿಲ್ಲ. ಇತ್ತ ೧೯೯೪ರಲ್ಲಿ ಪ್ರೋಟಿಯಸೋಮಿನ ಪ್ರಚೋದಕದ ಕ್ರಮವನ್ನು ಓದಿ ನೋಡಿದಾಗ, ಅದು ಹಳೆಯ 'ಕಿ'ಯನ್ನು ಬಹುವಾಗಿ ಹೋಲುವುದೆಂದು ಕಂಡುಬಂದಿತು. ರೋಗಿಗಳ ರಕ್ತವು ಹದಿಮೂರು ವರ್ಷಗಳ ಹಿಂದೆ ಬೆರಳು ತೋರಿಸಿದ್ದ ಆ ಪ್ರೋಟೀನು ಈ ಕುಟುಂಬದ ಮೂರನೆಯ ಸದಸ್ಯನಾಗಿತ್ತು. ಸಾಕ್ಷಿ ಮೊದಲು ಬಂದಿತು. ವಸ್ತುವಿನ ಪರಿಚಯ ಆಮೇಲೆ ಆಯಿತು.

ಇದರಿಂದಾಗಿ ಒಂದೇ ಪ್ರೋಟೀನಿಗೆ ಹಲವು ಹೆಸರುಗಳು ನಿಂತುವು. ಒಬ್ಬರಿಗೆ ಅದು 'ಕಿ', ಇನ್ನೊಬ್ಬರಿಗೆ ಪಿ.ಎ. ೨೮ ಗ್ಯಾಮಾ, ಮತ್ತೊಬ್ಬರಿಗೆ ರೆಗ್ ಗ್ಯಾಮಾ. ಅದರ ಜೀನಿನ ಹೆಸರು ಪಿ.ಎಸ್.ಎಂ.ಇ. ೩. ನಮ್ಮ ಕಾಸರಗೋಡು ಸೀಮೆಯ ಮಕ್ಕಳಿಗೆ ಇದರಿಂದ ಗಾಬರಿಯಾಗಬೇಕಾದುದಿಲ್ಲ. ಕನ್ನಡದಲ್ಲಿ ತೆಂಗಿನಕಾಯಿ, ತುಳುವಿನಲ್ಲಿ ತಾರಾಯಿ, ಮಲಯಾಳದಲ್ಲಿ ತೇಙ್ಙ ಎಂದರೂ ಒಡೆದಾಗ ಸಿಕ್ಕುವ ನೀರು ಒಂದೇ ಎಂಬುದನ್ನು ನೀವು ಎಳವೆಯಿಂದಲೇ ಅರಿತವರು. ಆದರೆ ಹೆಸರುಗಳನ್ನು ನೋಡಿ ಪ್ರತಿಕಾಯವನ್ನು ಕೊಂಡುಕೊಳ್ಳುವ ಸಂಶೋಧಕನು ಎಚ್ಚರದಿಂದಿರಬೇಕು. ಆಲ್ಫಾಕ್ಕೂ ಬೀಟಾಕ್ಕೂ ಗ್ಯಾಮಾಕ್ಕೂ ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ. ಅವುಗಳ ಕೆಲಸ ಮಾತ್ರ ಬೇರೆ ಬೇರೆ.

ಪ್ರಯೋಗಶಾಲೆಯಲ್ಲಿ ಈ ತೊಟ್ಟನ್ನು ಬಳಸುವ ರೀತಿಗಳಲ್ಲಿ ಬಹಳ ರೂಢಿಯಲ್ಲಿರುವ ಒಂದನ್ನು ವಿವರಿಸುತ್ತೇನೆ. ಕೋಶಗಳನ್ನು ಒಡೆದು ಅವುಗಳ ಪ್ರೋಟೀನುಗಳನ್ನೆಲ್ಲ ದ್ರವದಲ್ಲಿ ಕರಗಿಸುತ್ತಾರೆ. ಆ ದ್ರವವನ್ನು ಲೋಳೆಯಂತಹ ಒಂದು ಹಲಗೆಯ ತುದಿಯಲ್ಲಿ ಹಾಕಿ ವಿದ್ಯುತ್ತನ್ನು ಹಾಯಿಸುತ್ತಾರೆ. ಹಗುರವಾದ ಪ್ರೋಟೀನುಗಳು ಬೇಗ ಓಡುತ್ತವೆ, ಭಾರವಾದುವು ಹಿಂದುಳಿಯುತ್ತವೆ. ಹೀಗೆ ತೂಕಕ್ಕನುಸಾರವಾಗಿ ಸಾಲುಗಟ್ಟಿದ ಪ್ರೋಟೀನುಗಳನ್ನು ಒಂದು ತೆಳುವಾದ ಹಾಳೆಗೆ ವರ್ಗಾಯಿಸುತ್ತಾರೆ. ೧೯೭೯ರಲ್ಲಿ ಟೌಬಿನ್ ಮೊದಲಾದವರು ಪ್ರಕಟಿಸಿದ ಈ ವಿಧಾನಕ್ಕೆ ವೆಸ್ಟರ್ನ್ ಬ್ಲಾಟ್ ಎಂದು ಹೆಸರು. ಆ ಹಾಳೆಯನ್ನು ಪ್ರತಿಕಾಯದ ದ್ರವದಲ್ಲಿ ನೆನೆಸಿದರೆ ಪ್ರತಿಕಾಯವು ತನ್ನ ಗುರಿಯನ್ನು ಹುಡುಕಿ ಅಂಟಿಕೊಳ್ಳುತ್ತದೆ. ಅನಂತರ, ಮೊದಲನೆಯ ಪ್ರತಿಕಾಯವನ್ನೇ ಹಿಡಿಯತಕ್ಕ ಎರಡನೆಯ ಪ್ರತಿಕಾಯವೊಂದನ್ನು, ಬೆಳಕನ್ನು ಹೊಮ್ಮಿಸುವ ಕಿಣ್ವದೊಡನೆ ಜೋಡಿಸಿ ಸೇರಿಸುತ್ತಾರೆ. ಗುರಿಯಿರುವ ಜಾಗದಲ್ಲಿ ಒಂದು ಗೆರೆ ಬೆಳಗುತ್ತದೆ. ನಮ್ಮ ಪ್ರೋಟೀನಾದರೆ ಆ ಗೆರೆ ಸುಮಾರು ೩೦,೦೦೦ ತೂಕದ ಸ್ಥಾನದಲ್ಲಿ ಬರಬೇಕು.

ಗೆರೆ ಬಂದಿತು, ಸಂಶೋಧಕನಿಗೆ ಸಂತೋಷವಾಯಿತು. ಆದರೆ ಅವನು ಕಂಡದ್ದು ಪ್ರೋಟೀನನ್ನಲ್ಲ, ಗೆರೆಯನ್ನು ಎಂಬುದನ್ನು ಮನಗಾಣಬೇಕು. ಗೆರೆಯು ಹೊಗೆ, ಪ್ರೋಟೀನು ಬೆಂಕಿ. ನಡುವೆ ನಿಂತು ಸಾಕ್ಷಿ ಹೇಳುತ್ತಿರುವುದು ಪ್ರತಿಕಾಯ. ಅದು ಬೇರೊಂದು ಪ್ರೋಟೀನಿನ ಹೋಲುವ ಮೂಲೆಯನ್ನು ಹಿಡಿದುಕೊಂಡು, ಇದೇ ಗ್ಯಾಮಾ ಎಂದು ಸಾರುತ್ತಿರಬಹುದು. ಗೆರೆಯ ಸ್ಥಾನ ಸರಿಯಾಗಿದೆಯಲ್ಲ ಎಂದು ಕೆಲವರು ಕೇಳಿಯಾರು. ಅಲ್ಲಿಯೇ ತೊಡಕಿರುವುದು. ಆಲ್ಫಾ, ಬೀಟಾ, ಗ್ಯಾಮಾ ಮೂರರ ತೂಕವೂ ಹೆಚ್ಚು ಕಡಿಮೆ ಒಂದೇ. ಒಂದೇ ಎತ್ತರದ ಮೂವರು ಸೋದರರನ್ನು ಎತ್ತರ ನೋಡಿ ಬೇರೆ ಮಾಡಲಾದೀತೆ? ಆದುದರಿಂದ ಪ್ರತಿಕಾಯವನ್ನು ಸಿದ್ಧಪಡಿಸುವಾಗಲೇ, ಮೂರಕ್ಕೂ ಸಮಾನವಾದ ಭಾಗವನ್ನು ಬಿಟ್ಟು, ಒಂದೊಂದಕ್ಕೂ ಪ್ರತ್ಯೇಕವಾಗಿರುವ ಭಾಗವನ್ನು ಆರಿಸಿಕೊಳ್ಳುವುದು ವಿವೇಕ. ಈ ಮೂರರಲ್ಲಿಯೂ ಅಂತಹ ಪ್ರತ್ಯೇಕವಾದ ಒಂದೊಂದು ತುಂಡು ಇರುವುದು ಸಂಶೋಧಕರ ಭಾಗ್ಯ.

ಆರಿಸಿದ್ದು ಸರಿಯೆಂದು ನಂಬಿದರೆ ಸಾಲದು, ಪರೀಕ್ಷಿಸಬೇಕು. ಈಗ ಆ ಅಡುಗೆಮನೆಯನ್ನೂ ಮಡುವನ್ನೂ ನೆನೆಯಿರಿ. ಗ್ಯಾಮಾ ಪ್ರೋಟೀನು ಹೇರಳವಾಗಿರುವುದೆಂದು ತಿಳಿದಿರುವ ಕೋಶಗಳನ್ನು ತೆಗೆದುಕೊಂಡು ಗೆರೆ ಬರುವುದೇ ಎಂದು ನೋಡುವುದು ಅಡುಗೆಮನೆಯ ಪರೀಕ್ಷೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಗ್ಯಾಮಾವನ್ನು ತಯಾರಿಸುವ ಜೀನನ್ನೇ ತೆಗೆದುಹಾಕಿದ ಕೋಶಗಳನ್ನು ಪಕ್ಕದಲ್ಲಿಟ್ಟು, ಅದೇ ತೊಟ್ಟು, ಅದೇ ಹಾಳೆ, ಅದೇ ಹೊತ್ತು, ಅಲ್ಲಿ ಗೆರೆ ಮಾಯವಾಗುವುದೇ ಎಂದು ನೋಡುವುದು ಮಡುವಿನ ಪರೀಕ್ಷೆ. ಮಾಯವಾದರೆ ಸಾಕ್ಷಿ ಸತ್ಯವಂತ. ಅಲ್ಲಿಯೂ ಗೆರೆ ಬೆಳಗಿದರೆ ಅದು ಹೊಗೆಯಲ್ಲ, ಮಂಜು. ಆಗ ತೊಟ್ಟಿನ ಬೆಲೆ ಎಷ್ಟೇ ಇರಲಿ, ಚೀಟಿಯ ಮೇಲೆ ಏನೇ ಬರೆದಿರಲಿ, ಆ ಕೆಲಸಕ್ಕೆ ಅದು ಬಾರದು. ಹಿಂದೆ ಇಂತಹ ಕೋಶಗಳನ್ನು ಪಡೆಯಲು ವಿಶೇಷವಾದ ಇಲಿಗಳನ್ನೇ ಸಾಕಬೇಕಾಗಿತ್ತು. ಈಚೆಗೆ ಕ್ರಿಸ್ಪರ್ ಎಂಬ ವಿಧಾನದಿಂದ ಜೀನನ್ನು ಕತ್ತರಿಸುವುದು ಸುಲಭವಾಗಿರುವುದರಿಂದ, ಪರೀಕ್ಷೆಗೆ ಕಷ್ಟವೆಂಬ ನೆಪ ಉಳಿದಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಪೋಷಕರಲ್ಲಿ ಕೆಲವರು ಯೋಚಿಸುತ್ತಿರಬಹುದು. ಪರೀಕ್ಷಿಸದ ಸಾಕ್ಷಿಯಿಂದ ಏನಾಗುತ್ತದೆಂಬುದಕ್ಕೆ ಇನ್ನೊಂದು ಪ್ರೋಟೀನಿನ ಕಥೆಯನ್ನು ಹೇಳುತ್ತೇನೆ. ಈಸ್ಟ್ರೋಜನ್ ಎಂಬ ಹಾರ್ಮೋನಿನ ಸಂದೇಶವನ್ನು ಸ್ವೀಕರಿಸುವ ಬೀಟಾ ಗ್ರಾಹಕವೆಂಬ ಪ್ರೋಟೀನು ೧೯೯೬ರಲ್ಲಿ ಕಂಡುಬಂದಿತು. ಸ್ತನದ ಕ್ಯಾನ್ಸರಿಗೆ ಇದರಿಂದ ಹೊಸ ಚಿಕಿತ್ಸೆ ದೊರೆತೀತೆಂಬ ಆಸೆಯಿಂದ ಎರಡು ದಶಕಗಳ ಕಾಲ ಅನೇಕರು ಇದರ ಬೆನ್ನು ಹತ್ತಿದರು. ಒಬ್ಬರ ಫಲಿತಾಂಶ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಕೊನೆಗೆ ಸ್ವೀಡನ್ನಿನ ವಿಜ್ಞಾನಿಗಳು ಈ ಪ್ರೋಟೀನಿಗೆಂದು ಬಳಕೆಯಲ್ಲಿದ್ದ ೧೩ ಪ್ರತಿಕಾಯಗಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿ, ೨೦೧೭ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹದಿಮೂರರಲ್ಲಿ ನಂಬಲರ್ಹವೆಂದು ನಿಂತುದು ಒಂದೇ ಒಂದು. ಅದೂ ಬಹಳ ಕಡಮೆ ಜನ ಬಳಸುತ್ತಿದ್ದುದು. ಆ ಒಂದು ಸತ್ಯಸಾಕ್ಷಿಯಿಂದ ನೋಡಿದಾಗ ಆರೋಗ್ಯವಂತ ಸ್ತನದ ಅಂಗಾಂಶದಲ್ಲಾಗಲಿ ಕ್ಯಾನ್ಸರ್ ತಗಲಿದುದರಲ್ಲಾಗಲಿ ಆ ಪ್ರೋಟೀನು ಕಾಣಲೇ ಇಲ್ಲ.

ಮಹನೀಯರೇ, ಇದರ ಅರ್ಥವನ್ನು ಸ್ವಲ್ಪ ಯೋಚಿಸಿರಿ. ಆ ವರ್ಷಗಳಲ್ಲಿ ದುಡಿದವರು ಸೋಮಾರಿಗಳಲ್ಲ, ಅಪ್ರಾಮಾಣಿಕರೂ ಅಲ್ಲ. ರಾತ್ರಿಹಗಲು ಶ್ರಮಪಟ್ಟು, ಗೆರೆಗಳನ್ನು ಎಣಿಸಿ, ಲೇಖನಗಳನ್ನು ಬರೆದವರು. ರೋಗಿಗಳು ನಂಬಿ ತಮ್ಮ ಅಂಗಾಂಶದ ಚೂರುಗಳನ್ನು ಸಂಶೋಧನೆಗೆ ಕೊಟ್ಟಿದ್ದರು. ಸಾರ್ವಜನಿಕರ ಹಣ ವ್ಯಯವಾಗಿತ್ತು. ಇಷ್ಟೆಲ್ಲದರ ಬುಡದಲ್ಲಿದ್ದ ಎರಡು ತೊಟ್ಟು ದ್ರವವನ್ನು ಮಡುವಿನ ಬಳಿಗೆ ಕೊಂಡೊಯ್ದು ನೋಡದೆ ಹೋದುದರಿಂದ, ಆ ಶ್ರಮದ ಒಂದು ದೊಡ್ಡ ಭಾಗ ಸಂಶಯಕ್ಕೆ ಗುರಿಯಾಯಿತು. ಅಸ್ತಿವಾರದ ಕಲ್ಲನ್ನು ತಟ್ಟಿ ನೋಡದೆ ಮಹಡಿಯ ಮೇಲೆ ಮಹಡಿಯನ್ನೇರಿಸಿದರೆ ಮೇಸ್ತ್ರಿಯ ಕೈಚಳಕ ಏನು ಮಾಡೀತು?

ವಿಜ್ಞಾನದ ಹಿರಿಮೆಯೆಂದರೆ, ಈ ದೋಷವನ್ನು ಬಯಲಿಗೆಳೆದವರೂ ವಿಜ್ಞಾನಿಗಳೇ. ಪ್ರತಿಕಾಯಗಳನ್ನು ಅವುಗಳ ರಚನೆಯ ಪೂರ್ಣ ಕ್ರಮದಿಂದಲೇ ಗುರುತಿಸಬೇಕು, ಆ ಕ್ರಮವನ್ನನುಸರಿಸಿ ಯಾರು ಎಲ್ಲಿ ತಯಾರಿಸಿದರೂ ಒಂದೇ ವಸ್ತು ಸಿಗುವಂತಾಗಬೇಕು ಎಂದು ನೂರಕ್ಕೂ ಹೆಚ್ಚು ವಿಜ್ಞಾನಿಗಳು ೨೦೧೫ರಲ್ಲಿ ಒಟ್ಟಾಗಿ ಕೇಳಿಕೊಂಡರು. ಮರುವರ್ಷ ಒಂದು ಅಂತರರಾಷ್ಟ್ರೀಯ ತಜ್ಞರ ತಂಡವು ಪ್ರತಿಕಾಯವನ್ನು ಪರೀಕ್ಷಿಸುವ ಐದು ಮಾರ್ಗಗಳನ್ನು ಸೂಚಿಸಿತು. ಜೀನನ್ನು ತೆಗೆದು ನೋಡುವುದು ಒಂದು. ಪ್ರತಿಕಾಯವನ್ನು ಬಳಸದ ಬೇರೆ ವಿಧಾನದ ಅಳತೆಯೊಡನೆ ಹೋಲಿಸುವುದು ಎರಡು. ಅದೇ ಪ್ರೋಟೀನಿನ ಬೇರೊಂದು ಭಾಗವನ್ನು ಹಿಡಿಯುವ ಸ್ವತಂತ್ರ ಪ್ರತಿಕಾಯದ ಸಾಕ್ಷ್ಯದೊಡನೆ ತಾಳೆನೋಡುವುದು ಮೂರು. ಪ್ರೋಟೀನಿಗೆ ಬೇರೆ ಗುರುತನ್ನು ಕಟ್ಟಿ ಎರಡೂ ಒಂದೆಡೆ ಕಾಣುವುವೇ ಎಂದು ನೋಡುವುದು ನಾಲ್ಕು. ಪ್ರತಿಕಾಯವು ಹಿಡಿದು ತಂದ ವಸ್ತುವನ್ನೇ ತೂಗಿ ವಿಶ್ಲೇಷಿಸುವುದು ಐದು. ಇವುಗಳಲ್ಲಿ ಮೂರನೆಯದು ನ್ಯಾಯಾಲಯದ ಪದ್ಧತಿಯನ್ನೇ ಹೋಲುತ್ತದೆ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನು ಹೇಳಿದರೆ ಅದಕ್ಕೆ ತೂಕ ಹೆಚ್ಚು.

ಇನ್ನೊಂದು ಎಚ್ಚರವನ್ನೂ ಹೇಳಬೇಕು. ಒಂದು ಕೆಲಸದಲ್ಲಿ ಸತ್ಯ ಹೇಳಿದ ಪ್ರತಿಕಾಯ ಇನ್ನೊಂದು ಕೆಲಸದಲ್ಲಿಯೂ ಸತ್ಯವನ್ನೇ ಹೇಳುವುದೆಂಬ ನಿಯಮವಿಲ್ಲ. ಹಾಳೆಯ ಮೇಲೆ ಪ್ರೋಟೀನು ಬಿಚ್ಚಿಕೊಂಡ ನೂಲಿನಂತಿರುತ್ತದೆ; ಕೋಶದೊಳಗೆ ಅದು ಸುತ್ತಿಕೊಂಡ ಉಂಡೆಯಂತಿರುತ್ತದೆ. ನೂಲನ್ನು ಗುರುತಿಸಿದ ಪ್ರತಿಕಾಯ ಉಂಡೆಯನ್ನು ಗುರುತಿಸದಿರಬಹುದು. ಆದುದರಿಂದ ಬ್ಲಾಟಿನಲ್ಲಿ ತೇರ್ಗಡೆಯಾದುದನ್ನು ಸೂಕ್ಷ್ಮದರ್ಶಕದ ಕೆಲಸಕ್ಕೆ ತರುವಾಗ ಮತ್ತೆ ಪರೀಕ್ಷಿಸಬೇಕು. ಗ್ಯಾಮಾವಾದರೆ ಕೋಶಕೇಂದ್ರದಲ್ಲಿ ಬೆಳಗಬೇಕು. ಜೀನು ತೆಗೆದ ಕೋಶದಲ್ಲಿ ಅಲ್ಲಿ ಕತ್ತಲೆಯಿರಬೇಕು. ಗಣಿತದಲ್ಲಿ ನೂರು ಅಂಕ ಪಡೆದ ಹುಡುಗನಿಗೆ ಚಿತ್ರಕಲೆಯ ಪರೀಕ್ಷೆಯನ್ನು ನಾವು ಬಿಟ್ಟುಕೊಡುವುದಿಲ್ಲವಷ್ಟೆ.

ತಾಯಿತಂದೆಗಳೇ, ಈ ವಿಚಾರ ನಿಮ್ಮ ಮನೆಗೂ ಒಮ್ಮೆ ಬಂದಿತ್ತು. ೨೦೨೦ ಮತ್ತು ೨೦೨೧ರ ಕೋವಿಡ್ ಕಾಲದಲ್ಲಿ ಮೂಗಿನ ದ್ರವವನ್ನು ತೆಗೆದು ಒಂದು ಪಟ್ಟಿಯ ಮೇಲೆ ಹಾಕಿ, ಕಾಲು ಗಂಟೆ ಕಾದು, ಗೆರೆ ಮೂಡುವುದನ್ನು ನೋಡಿದ್ದು ನಿಮಗೆ ನೆನಪಿರಬಹುದು. ಆ ಪಟ್ಟಿಯ ಮೇಲೆ ವೈರಾಣುವಿನ ಪ್ರೋಟೀನನ್ನು ಹಿಡಿಯುತ್ತಿದ್ದುದು ಪ್ರತಿಕಾಯವೇ. ಅಲ್ಲಿ ಎರಡು ಗೆರೆಗಳಿಗೆ ಸ್ಥಳವಿತ್ತು, ರೋಗದ್ದೊಂದು, ನಿಯಂತ್ರಣದ್ದೊಂದು. ನಿಯಂತ್ರಣದ ಗೆರೆ ಮೂಡದಿದ್ದರೆ ಆ ಪಟ್ಟಿಯ ಮಾತನ್ನು ನಂಬಬಾರದು, ಬೇರೆ ಪಟ್ಟಿಯಿಂದ ಮತ್ತೆ ನೋಡಬೇಕು ಎಂದು ಸೂಚನೆಯಲ್ಲಿ ಬರೆದಿತ್ತು. ಪಟ್ಟಿಯು ತಾನು ಸರಿಯಾಗಿ ಕೆಲಸ ಮಾಡಿದೆನೆಂಬುದನ್ನು ಮೊದಲು ತೋರಿಸಬೇಕು. ಆಮೇಲೆ ರೋಗದ ಮಾತು. ಆಸ್ಪತ್ರೆಗಳಲ್ಲಿ ರೋಗನಿದಾನಕ್ಕೆ ಬಳಸುವ ಪ್ರತಿಕಾಯಗಳು ಬೇರೆ. ಅವುಗಳಿಗೆ ಪ್ರತ್ಯೇಕ ನಿಯಮಗಳೂ ಅನುಮತಿಗಳೂ ಇವೆ. 'ಸಂಶೋಧನೆಗೆ ಮಾತ್ರ' ಎಂಬ ಚೀಟಿಯಿರುವುದನ್ನು ರೋಗಿಯ ವಿಷಯದಲ್ಲಿ ತೀರ್ಮಾನಕ್ಕೆ ಬಳಸಕೂಡದೆಂಬುದಕ್ಕೇ ಆ ಚೀಟಿ. ಆದುದರಿಂದ ನನ್ನ ಮಾತನ್ನು ಕೇಳಿ ವೈದ್ಯರ ವರದಿಗಳನ್ನೆಲ್ಲ ಶಂಕಿಸಲು ಹೊರಡಬೇಡಿರಿ. ಪರೀಕ್ಷಿಸುವುದು ಬೇರೆ, ಸುಮ್ಮನೆ ಅಪನಂಬಿಕೆ ಪಡುವುದು ಬೇರೆ. ಅಪನಂಬಿಕೆಗೆ ಶ್ರಮ ಬೇಕಾಗಿಲ್ಲ, ಪರೀಕ್ಷೆಗೆ ಬೇಕು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಇಂತಹ ಪ್ರಯೋಗಶಾಲೆಗಳಿಗೆ ಹೋಗುವಿರಿ. ಬಹುಮಂದಿ ಬೇರೆ ಬೇರೆ ಕಸುಬುಗಳನ್ನು ಹಿಡಿಯುವಿರಿ. ಎಲ್ಲರಿಗೂ ಬೇಕಾದ ಒಂದು ಅಭ್ಯಾಸ ಈ ತೊಟ್ಟಿನ ಕಥೆಯಲ್ಲಿದೆ. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿಯೇ ಅದನ್ನು ಆರಂಭಿಸಬಹುದು. ಆಲೂಗೆಡ್ಡೆಯ ಮೇಲೆ ಅಯೊಡಿನ್ ಹಾಕಿ, ನೀಲಿಯಾಯಿತು, ಪಿಷ್ಟವಿದೆ ಎಂದು ಬರೆಯುತ್ತೀರಿ. ಪಕ್ಕದಲ್ಲಿ ಬರಿಯ ನೀರಿಗೂ ಒಂದು ತೊಟ್ಟು ಅಯೊಡಿನ್ ಹಾಕಿ ನೋಡಿದವರು ಎಷ್ಟು ಮಂದಿ? ಆ ಎರಡನೆಯ ನಳಿಕೆಗೆ ಅಂಕವಿಲ್ಲದಿರಬಹುದು. ಆದರೂ ಮೊದಲನೆಯ ನಳಿಕೆಯ ಮಾತಿಗೆ ಬೆಲೆ ಬರುವುದು ಅದರಿಂದಲೇ. ಈ ವರ್ಷದಿಂದ ನಮ್ಮ ಪ್ರಯೋಗದ ಪುಸ್ತಕಗಳಲ್ಲಿ ಪ್ರತಿಯೊಂದು ಪ್ರಯೋಗದ ಎದುರಿಗೂ, ಇಲ್ಲದ ಕಡೆ ಏನು ಕಂಡಿತು ಎಂಬ ಒಂದು ಸಾಲನ್ನು ಬರೆಯತಕ್ಕದ್ದೆಂದು ವಿಜ್ಞಾನದ ಅಧ್ಯಾಪಕರೊಡನೆ ಸಮಾಲೋಚಿಸಿ ಗೊತ್ತುಮಾಡಿದ್ದೇವೆ. ಪೋಷಕರು ಮನೆಯಲ್ಲಿ ಮಕ್ಕಳ ಪುಸ್ತಕವನ್ನು ತೆರೆದಾಗ ಆ ಸಾಲು ಇದೆಯೇ ಎಂದು ನೋಡಬೇಕಾಗಿ ಬೇಡಿಕೊಳ್ಳುತ್ತೇನೆ.